ಎಂಟು ದೀಪದ ಕಾರು, ಇಪ್ಪತ್ತು ಪೆಟ್ಟಿಗೆ ಜೇನು

ಬೆಳಗಾಗುವುದರೊಳಗೆ ಇಪ್ಪತ್ತು ಪೆಟ್ಟಿಗೆ ಜೇನನ್ನು ಬೆಟ್ಟದ ಆಚೆಗೆ ಮುಟ್ಟಿಸಬೇಕಿತ್ತು. ಮರುದಿನ ಸುತ್ತಲಿನ ಹೊಲಗಳಿಗೆಲ್ಲ ಕೀಟನಾಶಕ ಹೊಡೆಯುತ್ತಾರೆಂಬ ಸುದ್ದಿ ಮಧ್ಯಾಹ್ನವಷ್ಟೇ ಬಂದಿತ್ತು. ಹೋದ ವರ್ಷ ಹೀಗೇ ಹೊಡೆದಾಗ ಅತ್ತಿಗೆಯ ಅರ್ಧಕ್ಕರ್ಧ ಜೇನು ಪೆಟ್ಟಿಗೆಗಳ ಬಾಗಿಲಲ್ಲೇ ಉದುರಿ, ಪೊರಕೆ ಹಿಡಿದು ಗುಡಿಸುವ ಹಾಗಾಗಿತ್ತು. ಉಳಿದದ್ದು ಈ ಇಪ್ಪತ್ತು. ಇವೂ ಹೋದರೆ ಅವಳ ಕಸುಬೇ ಹೋದಂತೆ.

ಅತ್ತಿಗೆ ಎಂದರೆ ಜೇನು ಸಾಕುವವಳು. ಪಿಕಪ್ ಓಡಿಸುವ ಮೈದುನ ಹಾಗೆ ಕರೆದು ಕರೆದು, ಬೀದಿಗೆಲ್ಲ ಅವಳು ಅತ್ತಿಗೆಯೇ ಆಗಿಬಿಟ್ಟಿದ್ದಳು. ಮೂರನೆಯವರು ಚಿಕ್ಕಪ್ಪ. ಬಸ್ಸಿನ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿದ್ದರೂ ಕೊರಳಿನ ಸೀಟಿ ಬಿಟ್ಟವರಲ್ಲ.

"ಸ್ನಾನದ ಮನೆಯಿಂದ್ಲೂ ಸೀಟಿ ಊದಿನೇ ಹೊರಗೆ ಬರ್ತಾರೆ," ಎಂದು ಮೈದುನ ರೇಗಿಸುತ್ತಿದ್ದ.

ಹೊತ್ತು ಮುಳುಗಿ ಹುಳಗಳೆಲ್ಲ ಮನೆ ಸೇರಿದ ಮೇಲೆ ಬಾಗಿಲುಗಳಿಗೆ ಜಾಲರಿ ಹಾಕಿದರು. ಪೆಟ್ಟಿಗೆಗಳನ್ನು ಗಾಡಿಗೇರಿಸಿ ಹಗ್ಗ ಬಿಗಿದರು. ಅತ್ತಿಗೆ ಟಾರ್ಚಿಗೆ ಕೆಂಪು ಕಾಗದ ಸುತ್ತಿದಳು.

"ಕೆಂಪು ಬೆಳಕು ಹುಳಕ್ಕೆ ಕಾಣಲ್ಲ. ಬಿಳಿ ಬೆಳಕು ಬಿತ್ತೋ, ಬೆಳಗಾಯ್ತು ಅಂತ ಎಲ್ಲಾ ಬಾಗಿಲಿಗೆ ನುಗ್ತಾವೆ," ಎಂದಳು. "ಜಾಲರಿ ಮುಚ್ಕೊಂಡ್ರೆ ಒಳಗೆ ಗಾಳಿ ಆಡಲ್ಲ. ಬೆಂದೇ ಹೋಗ್ತಾವೆ."

ಮನೆಗಳು ಮುಗಿಯುತ್ತಲೇ ಘಾಟಿ ಶುರುವಾಯಿತು. ಒಂದು ಬದಿಗೆ ನೀರು ಒಸರುವ ಬಂಡೆ, ಇನ್ನೊಂದು ಬದಿಗೆ ತಳ ಕಾಣದ ಕಮರಿ, ನಡುವೆ ಹಾವಿನಂತೆ ಹೊರಳುವ ರಸ್ತೆ. ಮೊದಲ ತಿರುವುಗಳಲ್ಲಿ ಮರಗಳು ಒಂದೊಂದಾಗಿ ಕಾಣುತ್ತಿದ್ದವು. ಮೇಲೇರಿದಂತೆ ಮಂಜು ಕೆಳಗಿಳಿದು, ಮರ ಯಾವುದು, ಬಂಡೆ ಯಾವುದು ಎಂಬುದೇ ತಿಳಿಯದಾಯಿತು. ಎಲೆಗಳಿಂದ ಹನಿ ತೊಟ್ಟಿಕ್ಕುವ ಸದ್ದು, ಹಿಂದೆ ಪೆಟ್ಟಿಗೆಗಳ ಮಂದ ಗುಂಯ್‌ಗುಡುವಿಕೆ, ಅಷ್ಟೇ. ಮೈದುನನಿಗೆ ಮಂಜಿನ ಭಯವಿರಲಿಲ್ಲ. ದೀಪ ತಗ್ಗಿಸಿ, ರಸ್ತೆಯಂಚಿನ ಬಿಳಿ ಗೆರೆ ಹಿಡಿದು ನಿಧಾನವಾಗಿ ಹೋದರೆ ಮಂಜು ದಾರಿ ಬಿಡುತ್ತದೆ. ದಾರಿ ಬಿಡದವರು ಮನುಷ್ಯರು.

ಈಗಿನ ಕಾರುಗಳಿಗೆ ಅದೇನು ರೋಗವೋ! ಹೆಡ್‌ಲೈಟು ಸಾಲದೆಂದು ಕೆಳಗೆ ಫಾಗ್ ಲ್ಯಾಂಪು, ಅದೂ ಸಾಲದೆಂದು ತಲೆಯ ಮೇಲೊಂದು ಸಾಲು. ಎದುರಿನವನಿಗೂ ಎರಡು ಕಣ್ಣಿವೆ ಎಂಬ ಪರಿವೆ ಬೇಡವೇ? ಮೈದುನ ದೀಪ ಮಿಟುಕಿಸಿ ಬೇಡಿಕೊಂಡರೂ ಒಬ್ಬನೂ ತಗ್ಗಿಸಲಿಲ್ಲ. ಒಂದೊಂದು ಕಾರು ದಾಟಿದಾಗಲೂ ಮಂಜು ಸುಣ್ಣದ ಗೋಡೆಯಾಗಿ ಎದ್ದು ನಿಲ್ಲುತ್ತಿತ್ತು. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ," ಎಂದು ಚಿಕ್ಕಪ್ಪ ಕಿಟಕಿಯಾಚೆ ಉಗಿದರು. "ಈಗ ಕೊಡೆ ಬದ್ಲು ದೀಪ."

ಆಗ ಹಿಂದಿನಿಂದ ಬಂತು ಎಂಟು ದೀಪದ ಕಾರು.

ಅದು ಮುಂದೆ ಹೋಗಲಿಲ್ಲ. ಪಿಕಪ್ಪಿನ ಬಾಲಕ್ಕೇ ಅಂಟಿಕೊಂಡಿತು. ಪೆಟ್ಟಿಗೆಗಳ ಮೇಲೆ ಹಗಲು ಸುರಿಯಿತು.

ಗುಂಯ್‌ಗುಡುವಿಕೆ ಬದಲಾಯಿತು. ಮೊದಲು ಏರಿತು. ಆಮೇಲೆ ಮೊರೆಯತೊಡಗಿತು.

"ಗಾಡಿ ನಿಲ್ಸು!" ಅತ್ತಿಗೆ ಕೂಗಿದಳು.

ಮೈದುನ ತಿರುವಿನ ಅಗಲ ಜಾಗಕ್ಕೆ ಸರಿಸಿ ನಿಲ್ಲಿಸಿ, ಮುಂದೆ ಹೋಗೆಂದು ಕೈ ಬೀಸಿದ. ಕಾರೂ ಹಿಂದೆಯೇ ನಿಂತಿತು. ಅಷ್ಟು ದೀಪ ಹೊತ್ತರೂ ಅದರ ಯಜಮಾನನಿಗೆ ಮಂಜಿನಲ್ಲಿ ದಾರಿ ಕಾಣುತ್ತಿರಲಿಲ್ಲ! ಬಡಪಾಯಿ ಪಿಕಪ್ಪಿನ ಹಿಂದೀಪವೇ ಅವನಿಗೆ ದಾರಿ ತೋರಬೇಕಿತ್ತು.

ಚಿಕ್ಕಪ್ಪ ಇಳಿದು ಹೋಗಿ ಗಾಜು ತಟ್ಟಿದರು. "ಸ್ವಾಮಿ, ಹಿಂದೆ ಜೇನಿದೆ, ಬೆಳಕಿಗೆ ಸಾಯ್ತಾವೆ. ಸ್ವಲ್ಪ ದೀಪ ಆರಿಸಿ."

ಗಾಜು ಅರ್ಧ ಇಳಿಯಿತು. ಮೊದಲು ಒಂದು ಖಾಲಿ ತಿಂಡಿ ಪೊಟ್ಟಣ ರಸ್ತೆಗೆ ಬಿತ್ತು, ಆಮೇಲೆ ಮಾತು. "ಮಂಜಿಗೆ ಅಂತಾನೆ ಹಾಕ್ಸಿರೋದು. ಹುಳಕ್ಕೋಸ್ಕರ ನಾನು ಕತ್ತಲೆಲಿ ಕೂತ್ಕೊಳ್ಬೇಕಾ? ಮೊದ್ಲು ಗಾಡಿ ಬಿಡ್ರಿ."

ಇಂಥ ಬಾಯಿ ನೋಡಿದರೆ ವಾಕರಿಕೆ ಬರುತ್ತದೆ.

ಇತ್ತ ಅತ್ತಿಗೆ ಗಾಡಿ ಹತ್ತಿದ್ದಳು. ಕೊನೆಯ ಪೆಟ್ಟಿಗೆಯ ಜಾಲರಿ ಹುಳಗಳಿಂದ ಕಪ್ಪಾಗಿತ್ತು. ಮುಚ್ಚಳ ಮುಟ್ಟಿದರೆ ಬಿಸಿ. ಮೇಣ ಕರಗುವ ವಾಸನೆ ಮೂಗಿಗೆ ಬಡಿಯಿತು. ಅಡಿಯಿಂದ ಜೇನುತುಪ್ಪ ತೊಟ್ಟಿಕ್ಕುತ್ತಿತ್ತು.

ಅವಳು ಜಾಲರಿಗೆ ಕೈ ಹಾಕಿದಳು.

"ತೆಗೆದ್ರೆ ಚಳಿಗೆ ಸಾಯ್ತಾವೆ ಅತ್ತಿಗೆ!" ಎಂದ ಮೈದುನ.

"ತೆಗೀದಿದ್ರೆ ಬೆಂದು ಸಾಯ್ತಾವೆ. ದೂರ ನಿಂತ್ಕೋ."

ಜಾಲರಿ ಕಿತ್ತಳು.

ಹುಳಗಳು ಧಾರೆಯಾಗಿ ಹೊರಟು ನೇರ ದೀಪಗಳ ಮೇಲೆ ಬಿದ್ದವು. ಫಾಗ್ ಲ್ಯಾಂಪು ಮುಚ್ಚಿಹೋಯಿತು. ಹೆಡ್‌ಲೈಟಿನ ಗಾಜಿನ ತುಂಬ ಹುಳ ತೆವಳತೊಡಗಿದವು. ಕಾರಿನೊಳಗೂ ಒಂದು ದೀಪ ಉರಿಯುತ್ತಿತ್ತಲ್ಲ, ಅರ್ಧ ಇಳಿದ ಗಾಜಿನಿಂದ ಕೆಲವು ಒಳಕ್ಕೂ ಹೋದವು.

"ಅಯ್ಯೋ! ತೆಗೀರಿ! ಯಾರಾದ್ರೂ ತೆಗೀರೀ!"

"ದೀಪ ಆರಿಸಿ!" ಅತ್ತಿಗೆ ಗದರಿದಳು. "ಎಲ್ಲಾ! ಒಳಗಿಂದೂ!"

ಎಂಟೂ ದೀಪ ಒಟ್ಟಿಗೆ ಆರಿದವು. ಕಾಡು ತನ್ನ ಕತ್ತಲೆಯನ್ನು ವಾಪಸು ಪಡೆಯಿತು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಗಳ ಮೊರೆತವೂ ಇಳಿಯಿತು.

ಚಿಕ್ಕಪ್ಪ ಕೆಂಪು ಟಾರ್ಚು ಹಿಡಿದರು. ಅತ್ತಿಗೆ ಬಿಸಿ ಗಾಜಿಗೆ ಅಂಟಿದ್ದ ಹುಳಗಳನ್ನು ಬರಿಗೈಯಲ್ಲಿ ಬಾಚಿ ಬಾಚಿ ಪೆಟ್ಟಿಗೆಗೆ ತುಂಬಿದಳು. ಕೈ ತುಂಬ ಕಚ್ಚಿಸಿಕೊಂಡಳು. ಒಳಗೆ ಹೋದವನ್ನೂ ಆರಿಸಿ ತಂದಳು. ರಸ್ತೆಗೆ ಬಿದ್ದು ಮರಗಟ್ಟಿದವನ್ನು ಮಾತ್ರ ಬಿಡಬೇಕಾಯಿತು.

ಕೊನೆಯ ಹುಳ ಕಾರು ಬಿಟ್ಟಿತೋ ಇಲ್ಲವೋ, ಎಂಟೂ ದೀಪ ಮತ್ತೆ ಝಗ್ಗೆಂದವು. "ಕಾಡು ಜನ!" ಎಂದು ಬೈದು, ಹಾರ್ನ್ ಒತ್ತಿ, ಕಾರು ಪಕ್ಕದಿಂದ ನುಗ್ಗಿ ಹೋಯಿತು. ಥ್ಯಾಂಕ್ಸ್ ಎಂಬ ಮಾತಿಗೆ ಅವನೂರಿನಲ್ಲಿ ಬರಗಾಲವಿರಬೇಕು.

ಅಲ್ಲಿಂದ ಶಿಖರದವರೆಗೆ ಮಂಜು ಇನ್ನೂ ದಟ್ಟವಾಗಿತ್ತು. ಚಿಕ್ಕಪ್ಪ ಬಿಳಿ ಗೆರೆಯ ಮೇಲೆ ನಡೆಯುತ್ತ ಸೀಟಿ ಊದಿದರು. ಒಂದು ಊದಿದರೆ ಬಾ, ಎರಡು ಊದಿದರೆ ನಿಲ್ಲು. ಮೈದುನ ಕಣ್ಣಿನ ಬದಲು ಕಿವಿಯನ್ನೇ ನಂಬಿ ಗಾಡಿ ಓಡಿಸಿದ. ಒಮ್ಮೆ ಹಿಂದಿನ ಚಕ್ರ ಜಾರಿ ಕಲ್ಲುಗಳು ಕಮರಿಗೆ ಉರುಳಿದವು. ಎರಡು ಸೀಟಿ! ಗಾಡಿ ನಿಂತಿತು. ಅತ್ತಿಗೆ ಚಕ್ರಕ್ಕೆ ಕಲ್ಲು ಕೊಟ್ಟಳು. ಒಂದು ಸೀಟಿ. ಗಾಡಿ ಮೇಲೆ ಬಂತು.

ಆಚೆ ಕಣಿವೆ ಮುಟ್ಟಿದಾಗ ಬೆಳಕು ಹರಿಯುತ್ತಿತ್ತು. ಇಳಿಜಾರಿನ ತುಂಬ ಹಳದಿ ಹೂವು. ಪೆಟ್ಟಿಗೆಗಳನ್ನು ಇಳಿಸಿ ಜಾಲರಿ ತೆಗೆದರು. ಹತ್ತೊಂಬತ್ತರಿಂದ ಹುಳಗಳು ಹೊರಟವು.

ಇಪ್ಪತ್ತನೆಯದರಿಂದ ಸದ್ದಿಲ್ಲ.

ಅತ್ತಿಗೆ ಮಂಡಿಯೂರಿ ಕಿವಿ ಇಟ್ಟಳು. ಮೈದುನ ಏನೋ ಕೇಳಲು ಬಾಯಿ ತೆರೆದ. ಚಿಕ್ಕಪ್ಪ ಸುಮ್ಮನಿರೆಂದು ಸನ್ನೆ ಮಾಡಿದರು. ಬಿಸಿಲು ಪೆಟ್ಟಿಗೆಯ ಮೇಲೆ ಬಿತ್ತು. ಬಾಗಿಲಲ್ಲಿ ಒಂದು ಹುಳ ಕಾಣಿಸಿಕೊಂಡಿತು, ರೆಕ್ಕೆ ಒರೆಸಿಕೊಂಡಿತು, ಹಾರಿತು. ಅದರ ಹಿಂದೆ ಇನ್ನೊಂದು.

"ರಾಣಿ ಇದ್ದಾಳೆ," ಎಂದಳು ಅತ್ತಿಗೆ.

ವಾಪಸು ಬರುವಾಗ ಘಾಟಿಯಲ್ಲಿ ಮಂಜಿನ ಗುರುತೂ ಇರಲಿಲ್ಲ. ಶಿಖರದ ಇಕ್ಕಟ್ಟು ತಿರುವಿನಲ್ಲಿ ಎರಡು ಕಾರು ಮೂಗಿಗೆ ಮೂಗು ಕೊಟ್ಟು ನಿಂತಿದ್ದವು. ಒಂದು ಎಂಟು ದೀಪದ್ದು; ಮಂಜಿನಲ್ಲಿ ಅಡ್ಡದಾರಿ ಹಿಡಿದು, ಪಿಕಪ್ ದಾಟಿದ ಮೇಲೆ ಮತ್ತೆ ಶಿಖರಕ್ಕೆ ಬಂದಿತ್ತು. ಎದುರಿನದಕ್ಕೆ ಹತ್ತು.

"ಅವನು ಡಿಮ್ ಮಾಡ್ಲಿಲ್ಲ ರೀ!" ಎಂದ ಎಂಟರವನು.

"ನೀನು ಮಾಡಿದ್ಯಾ?" ಎಂದ ಹತ್ತರವನು.

ಒಬ್ಬರ ಬೆಳಕಿಗೆ ಇನ್ನೊಬ್ಬರು ಕುರುಡಾಗಿ, ಹಿಂದೆ ಸರಿಯಲೂ ಒಲ್ಲದೆ, ದೀಪ ಉರಿಸಿಕೊಂಡೇ ಉಳಿದ ರಾತ್ರಿಯೆಲ್ಲ ಕೂತಿದ್ದರು. ಬ್ಯಾಟರಿ ಎರಡರದ್ದೂ ಸತ್ತಿತ್ತು. ಹೇಸಿಗೆಗೂ ಒಂದು ಮಿತಿ ಬೇಡವೇ?

"ಬಿದ್ದಿರ್ಲಿ ಬಿಡಿ ಅತ್ತಿಗೆ," ಎಂದ ಮೈದುನ.

"ನಮ್ಗೂ ದಾರಿ ಬೇಕಲ್ಲ. ವೈರು ಕೊಡು."

ಅವಳನ್ನು ಕಂಡದ್ದೇ ಎಂಟರವನು ಗಾಜು ಏರಿಸಲು ಗುಂಡಿ ಒತ್ತಿದ. ಸತ್ತ ಬ್ಯಾಟರಿ, ಗಾಜು ಕದಲಲಿಲ್ಲ. ಮೈದುನ ಪಿಕಪ್ಪಿನಿಂದ ವೈರು ಎಳೆದು ಸಿಕ್ಕಿಸಿದ. ಕಾರು ಕೆಮ್ಮಿ ಶುರುವಾಯಿತು. ಅದರೊಂದಿಗೇ, ಆ ಸುಡು ಬಿಸಿಲಿನಲ್ಲಿ, ಎಂಟೂ ದೀಪ ಹೊತ್ತಿಕೊಂಡವು.

ಅತ್ತಿಗೆ ಕಾರಿನ ಬಾಗಿಲಿಗೆ ಬಂದಳು. ತೆರೆದಿದ್ದ ಕಿಟಕಿಯೊಳಗೆ ತನ್ನ ಊದಿದ ಕೈ ತೂರಿಸಿ, ಅವನ ಮೂಗಿನ ಕೆಳಗಿಂದಲೇ ಸ್ವಿಚ್ಚು ಆರಿಸಿದಳು. ಕಾರು ಸರಿದು ದಾರಿ ಬಿಟ್ಟ ಮೇಲೆ ಬಂದು ಗಾಡಿ ಹತ್ತಿದಳು.

ಚಿಕ್ಕಪ್ಪ ಒಂದು ಸೀಟಿ ಊದಿದರು.