ತಟ್ಟೆಯಲ್ಲಿ ಉಳಿದ ಅರ್ಧ ರೊಟ್ಟಿ

ಮಧ್ಯಾಹ್ನ ಒಂದೂವರೆಗೆ ಹುಚ್ಚರಾಯಪ್ಪನವರು ನೀಲಾಂಬಿಕ ಖಾನಾವಳಿಯ ಮೂಲೆ ಮೇಜಿನಿಂದ ನೆಲಕ್ಕೆ ಕುಸಿದರು. ಎರಡು ಗಂಟೆಗೆ ಠಾಣೆಗೆ ಡಾಕ್ಟರ ಫೋನು ಬಂತು.

"ಇಲಿ ಪಾಷಾಣ ರೀ. ಉಳೀತಾರೋ ಇಲ್ವೋ, ಈಗಲೇ ಹೇಳಕ್ಕಾಗಲ್ಲ."

ಸಬ್ ಇನ್ಸ್‌ಪೆಕ್ಟರ್ ಸುಮಾ ಖಾನಾವಳಿಗೆ ಬಂದಾಗ ಮೇಜಿನ ಮೇಲೆ ತಟ್ಟೆ ಹಾಗೇ ಇತ್ತು. ಅರ್ಧ ಜೋಳದ ರೊಟ್ಟಿ, ಅರ್ಧ ಬದನೆಕಾಯಿ ಎಣ್ಣೆಗಾಯಿ. ಎಣ್ಣೆಯ ಮೇಲೆ ಬೂದು ಬಣ್ಣದ ಪುಡಿ.

ಐವತ್ತೆರಡು ವರ್ಷದ ಖಾನಾವಳಿ. ಒಂದು ಒಲೆಯಲ್ಲಿ ಬಯಲುಸೀಮೆಯ ಜೋಳದ ರೊಟ್ಟಿ, ಪಕ್ಕದ ಒಲೆಯಲ್ಲಿ ಸೊರಬದ ಅಕ್ಕಿ ರೊಟ್ಟಿ. ಶಿಕಾರಿಪುರಕ್ಕೆ ಬಂದವರು ಇಲ್ಲಿ ಉಣ್ಣದೆ ಬಸ್ಸು ಹತ್ತುತ್ತಿರಲಿಲ್ಲ. ಈಗ ಅದೇ ಜನ ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು. ಊರ ಬಾಯಿಗೆ ಮುಚ್ಚಳ ಉಂಟೇ?

"ಬೀಗ ಹಾಕ್ತೀರೇನ್ರೀ?" ಒಡತಿ ನೀಲಾಂಬಿಕಮ್ಮ ಕೇಳಿದರು. ಅರವತ್ತು ದಾಟಿದ ಹೆಂಗಸು.

"ಸಂಜೆ ಒಳಗೆ ವಿಷ ಹಾಕಿದೋರು ಸಿಗ್ಲಿಲ್ಲ ಅಂದ್ರೆ ಹಾಕ್ಲೇಬೇಕು."

"ಇವತ್ತು ಬಿದ್ದ ಬೀಗ ಮತ್ತೆ ತೆಗೆಯೋಕಾಗಲ್ರೀ. ವಿಷದ ಮನೆಗೆ ಯಾರು ಬರ್ತಾರೆ?"

* * *

ಹುಚ್ಚರಾಯಪ್ಪನವರ ತಮ್ಮನ ಮಗ ಗುರುಪ್ರಕಾಶ್ ಗೊಬ್ಬರ, ಬೆಳೆ ಔಷಧಿ ಅಂಗಡಿಯವನು. ಎಂಟು ವರ್ಷದಿಂದ ದಿನಾ ಒಂದೂವರೆಗೆ ಬೈಕ್ ತಂದು ದೊಡ್ಡಪ್ಪನನ್ನು ಮನೆಗೆ ಕರೆದೊಯ್ಯುತ್ತಿದ್ದ. ಆಸ್ಪತ್ರೆಯಿಂದ ಓಡಿ ಬಂದವನ ಕಣ್ಣು ಕೆಂಪಾಗಿತ್ತು.

"ಈ ಕಟ್ಟಡ ನಮ್ಮ ದೊಡ್ಡಪ್ಪಂದು ಮೇಡಂ. ಮಾರ್ತೀನಿ ಅಂದಿದ್ರು. ಅದಕ್ಕೇ ಈಯಮ್ಮಂಗೆ ಸಿಟ್ಟು. ಬಾಯಿಗೆ ಕಹಿ ಆಗಿರ್ಬೇಕು, ಪಾಪ, ಅರ್ಧಕ್ಕೇ ಬಿಟ್ಟಾರೆ ನೋಡ್ರಿ."

"ನಾನು ಬದುಕಿರೋ ತನಕ ಒಲೆ ಉರೀಲಿ ಅಂತ ಮಾತು ಕೊಟ್ಟಿದ್ರು ಅವರು," ಎಂದರು ನೀಲಾಂಬಿಕಮ್ಮ. ಆ ಮಾತಿಗೆ ಸಾಕ್ಷಿ ಯಾರೂ ಇರಲಿಲ್ಲ.

ಸುಮಾ ಲೆಕ್ಕ ಹಾಕಿದಳು. ಅದೇ ಪಾತ್ರೆಯ ಎಣ್ಣೆಗಾಯಿ ನಲವತ್ತು ಜನ ಉಂಡಿದ್ದರು, ಯಾರಿಗೂ ಏನೂ ಆಗಿರಲಿಲ್ಲ. ವಿಷ ಬಿದ್ದದ್ದು ಒಂದೇ ತಟ್ಟೆಗೆ. ಅಂದರೆ ಬಡಿಸಿದವರ ಕೈ. ಬೆಳಿಗ್ಗೆ ಉಪ್ಪು ಹೆಚ್ಚಾಯಿತೆಂದು ಹುಚ್ಚರಾಯಪ್ಪ ಅಡುಗೆಯ ಮಾಳೇಶನನ್ನು ಎಲ್ಲರೆದುರು ಬೈದಿದ್ದರಂತೆ. ಮಾಳೇಶ ಮಧ್ಯಾಹ್ನವೇ ಸೊರಬದ ಬಸ್ಸು ಹತ್ತಿದ್ದ. ಇನ್ನೇನು ಬೇಕು?

ಸೊರಬ ತಾಲ್ಲೂಕಿನ ಉಳವಿಯಿಂದ ಅವನನ್ನು ಕರೆತರುವಷ್ಟರಲ್ಲಿ ನಾಲ್ಕಾಯಿತು.

"ಸಿಟ್ಟು ಬಂದಿದ್ದು ಹೌದು ಮಾರಾಯ್ರೆ," ಎಂದ. "ಆ ಸಿಟ್ಟಿಗೇ ನಾನು ಅವ್ರ ಮೇಜಿನ ಹತ್ರ ಸುಳೀಲೇ ಇಲ್ಲ. ಬಡಿಸಿದ್ದೆಲ್ಲ ಅಮ್ಮಾವ್ರೇ. ಇಡೀ ಪಂಕ್ತಿ ನೋಡಿದೆ, ಕೇಳಿ."

ಕೇಳಿದಳು. ನಿಜವೇ ಆಗಿತ್ತು. ನೀಲಾಂಬಿಕಮ್ಮನೂ ಹೂಂ ಅಂದರು. ಹೊಸದಾಗಿ ಈ ಊರಿಗೆ ಬಂದಾಗ ಜ್ವರ ಅಂತ ಮಲಗಿದ್ದ ಸುಮಾಗೆ ಗಂಜಿ ಕಳಿಸಿದ್ದು ಇದೇ ಹೆಂಗಸು. ಆದರೂ ಪೊಲೀಸರ ಕಣ್ಣಿಗೆ ಗಂಜಿಯ ಋಣ ಇರಬಾರದು.

* * *

ಹಿತ್ತಲಲ್ಲಿ ದುರ್ಗಮ್ಮ ಪಾತ್ರೆ ಉಜ್ಜುತ್ತಿದ್ದಳು. ಸುಮಾ ಸುಮ್ಮನೆ ಕೇಳಿದಳು.

"ಯಜಮಾನ್ರು ದಿನಾ ಹೀಗೇ ತಟ್ಟೇಲಿ ಬಿಡ್ತಿದ್ರಾ?"

ದುರ್ಗಮ್ಮ ಕೈ ನಿಲ್ಲಿಸಿದಳು. "ಯಾರು, ಹುಚ್ಚರಾಯಪ್ಪಾರಾ? ಅವರ ತಟ್ಟೇಲಿ ನಾ ಒಂದಗಳು ಕಂಡಿಲ್ಲವ್ವ. ಉಂಡದ್ದು ಪ್ರಸಾದ ಅಂತಾರೆ. ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತೊಳೆದು, ಆ ನೀರು ಕುಡೀತಾರೆ. ಒರೆಸಿ, ಬೋರಲು ಹಾಕಿ, ಬೆನ್ನಿಗೆ ಮೂರು ಬೆರಳು ವಿಭೂತಿ ಎಳೀತಾರೆ. ಆಮೇಲೇ ಮಜ್ಜಿಗೆ, ಅದಕ್ಕೆ ತಮ್ಮನ ಮಗ ಕಟ್ಟಿಕೊಡೋ ಚೂರ್ಣ, ಅರ್ಧ ಗಂಟೆ ಪೇಪರು."

"ಕಹಿ ಆದ್ರೂ?"

"ಉಪ್ಪಾದಾಗ ಬೈದ್ರು. ಬಿಟ್ರಾ? ಬೈಕೊಂಡೇ ಉಂಡ್ರು."

ಸುಮಾ ಒಳಗೋಡಿದಳು. ಗೋಡೆ ಪಕ್ಕದ ತೊಳೆದ ತಟ್ಟೆಗಳ ಸಾಲನ್ನು ಒಂದೊಂದಾಗಿ ತಿರುವಿದಳು. ಮೇಲಿನಿಂದ ನಾಲ್ಕನೆಯದರ ಬೆನ್ನ ಮೇಲೆ ಮೂರು ಬಿಳಿ ಗೆರೆ.

* * *

"ಅವರನ್ನ ಆಟೋಗೆ ಹೊತ್ತಾಗ ಒಳಗೆ ಉಳಿದೋರು ಯಾರು?"

"ಎಲ್ಲಾ ಹೊರಗೆ ಓಡಿದ್ವಿ," ಎಂದರು ನೀಲಾಂಬಿಕಮ್ಮ. "ದೊಡ್ಡಪ್ಪನ ಚಪ್ಲಿ, ಕೋಲು ತರ್ತೀನಂತ ಗುರುಪ್ರಕಾಶ ಒಬ್ಬನೇ ಒಳಗೆ ಹೋದ."

ಬಾಗಿಲಲ್ಲೇ ನಿಂತಿದ್ದ ಗುರುಪ್ರಕಾಶ್ ನಕ್ಕ. "ಹೋದ್ರೆ ತಪ್ಪೇನ್ರೀ?"

"ಹೋಗಿದ್ದು ತಪ್ಪಲ್ಲ. ಇನ್ಯಾರದೋ ಎಂಜಲು ತಟ್ಟೆ ತಂದು, ಪಾಷಾಣ ಉದುರಿಸಿ, ದೊಡ್ಡಪ್ಪನ ಜಾಗದಲ್ಲಿ ಇಟ್ಟಿದ್ದು ತಪ್ಪು. ಅಲ್ಲಿದ್ದ ತಟ್ಟೆ ಬೋರಲಾಗಿ, ಚೊಕ್ಕಟ ಇತ್ತು. ಯಾರೋ ಇಟ್ಟ ತೊಳೆದ ತಟ್ಟೆ ಅಂದ್ಕೊಂಡು ನೀನು ಅದನ್ನ ಸಾಲಿಗೆ ಸೇರಿಸಿದೆ. ಉಂಡ ತಟ್ಟೆ ಅದೇ, ಅವರು ದಿನಾ ಉಂಡು, ತಟ್ಟೆ ತೊಳೆದ ನೀರು ಕುಡಿದು, ಬೋರಲು ಹಾಕಿ ವಿಭೂತಿ ಎಳೀತಾರೆ. ಅಂದ್ಮೇಲೆ ವಿಷ ಊಟದಲ್ಲಿರ್ಲಿಲ್ಲ, ಊಟ ಆದ್ಮೇಲೆ ಮಜ್ಜಿಗೆಗೆ ಬಿದ್ದ ಚೂರ್ಣದಲ್ಲಿತ್ತು. ಚೂರ್ಣ ಕಟ್ಟಿಕೊಡೋನು ನೀನು. ಪೊಟ್ಟಣದ ಕಾಗದ ಅವರ ಜುಬ್ಬಾ ಜೇಬಲ್ಲೇ ಸಿಕ್ಕಿದೆ. ಈಗಷ್ಟೇ ಡಾಕ್ಟರ್ ಫೋನ್ ಮಾಡಿದ್ರು, ಅದೇ ಬೂದು ಪುಡಿ. ದೊಡ್ಡಪ್ಪ ಹೋಗ್ಬೇಕು, ಖಾನಾವಳಿ ಮುಚ್ಬೇಕು, ಕಟ್ಟಡ ನಿನಗೆ ಉಳೀಬೇಕು."

ಅವನ ನಗು ಆರಿತು. "ಅವರು ತಟ್ಟೆ ತೊಳೆದು ಕುಡೀತಾರಂತ ನನಗೇನು ಗೊತ್ತು?" ಎಂದುಬಿಟ್ಟ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಎಂಟು ವರ್ಷ ಬಾಗಿಲಲ್ಲಿ ಬೈಕ್ ನಿಲ್ಲಿಸಿದ್ಯಲ್ಲ," ಎಂದಳು ಸುಮಾ. "ಒಂದು ದಿನ ಎದುರಿಗೆ ಕೂತು ಉಂಡಿದ್ರೆ ಗೊತ್ತಾಗ್ತಿತ್ತು."

* * *

ಬೀಗ ಬೀಳಲಿಲ್ಲ. ಗಿರಾಕಿಗಳೂ ಬರಲಿಲ್ಲ. ತಪ್ಪು ಯಾರದೆಂದು ಗೊತ್ತಾದರೂ ಸಂಶಯ ಸುಲಭಕ್ಕೆ ಹೋಗುವುದಿಲ್ಲ. ಎಂಟು ದಿನ ನೀಲಾಂಬಿಕಮ್ಮ ಎರಡೂ ಒಲೆ ಹಚ್ಚಿ, ಮಾಡಿದ ರೊಟ್ಟಿಯನ್ನು ದನಕ್ಕೆ ಹಾಕಿದರು.

ಒಂಬತ್ತನೆಯ ದಿನ ಆಸ್ಪತ್ರೆಯ ಆಟೋ ನೇರ ಖಾನಾವಳಿಯ ಮುಂದೆ ನಿಂತಿತು. ಹುಚ್ಚರಾಯಪ್ಪ ಕೋಲೂರಿ ಇಳಿದರು. ಮೂಲೆ ಮೇಜಿಗೆ ಕೂತರು. ಬೀದಿ ಇಡೀ ಬಾಗಿಲಿಗೆ ಬಂದು ನಿಂತಿತು.

ಒಂದು ರೊಟ್ಟಿ, ಒಂದು ಬದನೆಕಾಯಿ. ನಿಧಾನಕ್ಕೆ ಉಂಡರು. ತಟ್ಟೆಗೆ ನೀರು ಹಾಕಿದರು, ಬೆರಳಲ್ಲಿ ಸುತ್ತ ತೊಳೆದರು. ಬಾಗಿಲ ಕಡೆ ಒಮ್ಮೆ ನೋಡಿ, ತಟ್ಟೆಯೆತ್ತಿ ಕೊನೆಯ ಹನಿಯವರೆಗೆ ಕುಡಿದರು.

"ಇವತ್ತು ಉಪ್ಪು ಕಮ್ಮಿ ಆಗೈತೆ," ಎಂದರು ಮಾಳೇಶನಿಗೆ.

ಬಾಗಿಲಲ್ಲಿದ್ದವರಲ್ಲಿ ಒಬ್ಬ ಚಪ್ಪಲಿ ಬಿಟ್ಟು ಒಳಗೆ ಬಂದ. ಅವನ ಹಿಂದೆ ಇನ್ನಿಬ್ಬರು. ದುರ್ಗಮ್ಮ ತಟ್ಟೆ ಹಾಕತೊಡಗಿದಳು.