ಹಿಕ್ಕೆ ಕಾಣದ ಹೊಲ

ಅಂಗೈಯಗಲದ ಉಕ್ಕಿನ ಡಬ್ಬಿ, ಒಳಗೆ ಎರಡು ಗುಂಡು, ಕಣ್ಣಿಗೆ ಕಾಣುವ ಯಂತ್ರವೆಂದರೆ ಇಷ್ಟೇ. ಕುಷ್ಟಗಿ ಕಡೆಯ ಬಯಲಿನಲ್ಲಿ, ಮಾಳವ್ವನ ಕುರಿಮಂದೆಯ ನಡುವೆ ಕೂತು ವಿಜ್ಞಾನಿ ಶಾಹಿದಾ ಅದರೊಳಗೆ ಜಂತುಹುಳದ ಔಷಧ ಸುರಿದು ಚಾಲೂ ಮಾಡಿದರು. ಡಬ್ಬಿ ಗುಂಯ್ ಎಂದು ನಡುಗಿತು.

"ವಾರದಾಗ ಹದಿನಾರು ಸತ್ತುವು ಅಕ್ಕಾರ. ಇದ ಔಷಧಿ ಕುಡಿಸಿ ಕುಡಿಸಿ ಕೈ ಸೋತಾವು. ಕುರಿಮಂದಿ ಹೋದ್ರ ನಾ ಯಾರು?" ಎಂದಳು ಮಾಳವ್ವ.

"ಔಷಧಿ ಚಲೋನ ಐತಿ ಮಾಳವ್ವಾ. ನೀರಾಗ ಕರಗಂಗಿಲ್ಲ, ಅದ ಅದರ ರೋಗ. ಹೊಟ್ಟಿಗೆ ಹೋದದ್ದು ಹೋದಂಗ ಹೊರಗ ಬೀಳ್ತೈತಿ."

ಆ ಔಷಧದ ಅಣುಗಳು ಹರಳಿನೊಳಗೆ ಸಾಲುಗಟ್ಟಿ ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಬಿಡಿಸುವ ತ್ರಾಣ ನೀರಿಗಿಲ್ಲ. ಅರೆದು ಸಾಲು ಕೆಡಿಸಿದರೂ ಹಠಮಾರಿಗಳು ನಾಲ್ಕೇ ದಿನದಲ್ಲಿ ಮತ್ತೆ ಹರಳುಗಟ್ಟುತ್ತವೆ. ಆದರೆ ಸರಿಯಾದ ಇನ್ನೊಂದು ಸಣ್ಣ ಅಣುವನ್ನು ಜೊತೆಗೆ ಹಾಕಿ ಅರೆದರೆ ಒಂದಕ್ಕೊಂದು ಅಂಟಿಕೊಂಡು, ಎರಡಕ್ಕೂ ಹಳೆಯ ಸಾಲು ಸಿಗುವುದಿಲ್ಲ. ಇದೇ ಸಹ-ಅಸ್ಫಟಿಕ, ಅಂದರೆ ಜೊತೆಯಿಂದಾಗಿ ಹರಳುಗಟ್ಟದ, ಪುಡಿ. ಯಾವ ಔಷಧಕ್ಕೆ ಯಾವ ಜೊತೆ ಎಂಬುದನ್ನು ಶಾಹಿದಾರ ಯಂತ್ರ ತನ್ನಲ್ಲೇ ತುಂಬಿಟ್ಟ ಹಲವು ಪುಡಿಗಳಲ್ಲಿ ತಾನೇ ಹುಡುಕಿ, ನಿಂತ ನೆಲದಲ್ಲೇ ಅರೆದುಕೊಡುತ್ತಿತ್ತು.

"ಸಕ್ರಿ ಪಾಕ ಹರಳಾಗಬಾರ್ದಂತ ನಿಂಬಿಹುಳಿ ಹಿಂಡ್ತೀವಲ್ಲ, ಹಂಗ?" ಎಂದಳು ಮಾಳವ್ವ.

"ಯವ್ವಾ! ನಾ ಇಪ್ಪತ್ತು ವರ್ಷ ಓದಿದ್ದನ್ನ ಒಂದ ಮಾತಿನ್ಯಾಗ ಮುಗಿಸಿದೆಲ್ಲ!"

ಪುಡಿ ನೀರಿಗೆ ಬಿದ್ದದ್ದೇ ತಡ, ಕಾಣದಂತೆ ಕರಗಿತು. ಹಳೆಯ ಪ್ರಮಾಣದ ಹತ್ತರಲ್ಲೊಂದು ಪಾಲು ಸಾಕಾಯಿತು. ಮೂರನೆಯ ದಿನ, ನೆಲ ಹಿಡಿದಿದ್ದ ಕುರಿಗಳು ಎದ್ದು ಮೇಯತೊಡಗಿದಾಗ ಮಾಳವ್ವ ಸೆರಗಿನಲ್ಲಿ ಮುಖ ಮುಚ್ಚಿ ಅತ್ತೇಬಿಟ್ಟಳು.

ಮರುವರ್ಷ ಮೊದಲ ಮಳೆಯ ನಂತರ ಮಾಳವ್ವನ ಫೋನು ಬಂತು. "ಅಕ್ಕಾರ, ಲಗೂನ ಬರ್ರಿ. ಮರ್ಯಾದಿ ಹೋಗಾಕತ್ತೈತಿ."

ಗೊಬ್ಬರಕ್ಕೆಂದು ಈರನಗೌಡರ ಹೊಲದಲ್ಲಿ ಅವಳು ಐದು ರಾತ್ರಿ ಕುರಿ ಕೂಡಿಸಿದ್ದಳು. ಶಾಹಿದಾ ಬಂದು ನೋಡಿದರೆ ಹೊಲ ಗುಡಿಸಿಟ್ಟಂತಿತ್ತು!

"ಒಂದ ಒಂದು ಹಿಕ್ಕಿ ತೋರಿಸು. ಯಾರ ಕಣ್ಣಿಗೆ ಮಣ್ಣು ಎರಚ್ತಿ?" ಗೌಡರು ಕಿಡಿಕಾರುತ್ತಿದ್ದರು. "ಇನ್ನ ಈ ಸೀಮ್ಯಾಗ ನಿನ್ನ ಕುರಿಗೆ ಹೊಲ ಸಿಗಂಗಿಲ್ಲ, ತಿಳ್ಕೊ."

"ಬೀರದೇವರ ಆಣಿ ಗೌಡ್ರ, ಇಲ್ಲೇ ಕೂಡಿಸೀನ್ರಿ!"

ಹೊಲವೇ ಇಲ್ಲದ ಮಂದೆ ಎಷ್ಟು ದಿನ ಬದುಕೀತು? ನೆಲದ ತುಂಬ ಸಣ್ಣ ತೂತುಗಳನ್ನು ಕಂಡು ಶಾಹಿದಾ ಗೌಡರ ಕೈಯಿಂದ ಸಲಿಕೆ ತೆಗೆದುಕೊಂಡು ಅಗೆದರು. ಮಣ್ಣು ಹಿಟ್ಟಿನಂತೆ ಸಡಿಲವಾಗಿತ್ತು. ಗೇಣುದ್ದ ಕೆಳಗೆ ಹಿಕ್ಕೆಯ ಉಂಡೆಗಳು, ಉಂಡೆಗೊಂದರಂತೆ ಕಪ್ಪಗೆ ಮಿರುಗುವ ಸಗಣಿಹುಳ. ಇನ್ನೊಂದೆಡೆ ಅಗೆದರು, ಅಲ್ಲಿಯೂ ಅದೇ. ಇಡೀ ಹೊಲದ ಅಡಿಯಲ್ಲಿ ಸಾವಿರಾರು ಹುಳಗಳು ಗೊಬ್ಬರವನ್ನು ಬೇರು ಇಳಿಯುವ ಆಳಕ್ಕೇ ಒಯ್ದು ಹೂತಿಟ್ಟಿದ್ದವು.

"ಈ ಹುಳ ನಾ ಸಣ್ಣಾಂವಿದ್ದಾಗ ನೋಡಿದ್ದೆ," ಎಂದು ಗೌಡರು ಪಿಸುಗುಟ್ಟಿದರು. "ಎಲ್ಲಿ ಹೋಗಿದ್ದುವು?"

ಶಾಹಿದಾ ಒಂದು ಹುಳವನ್ನು ಅಂಗೈಗೆ ಎತ್ತಿಕೊಂಡರು. ಕರಗದೆ ಹೊರಬೀಳುತ್ತಿದ್ದ ಔಷಧ ಹಿಕ್ಕೆಯಲ್ಲೇ ಉಳಿದು ಇವನ್ನು ಕೊಲ್ಲುತ್ತಿತ್ತು. ಈಗ ಕುಡಿಸಿದ್ದು ಹತ್ತರಲ್ಲೊಂದು ಪಾಲು, ಅದೂ ಕುರಿಯ ಮೈಯಲ್ಲೇ ಕರಗಿದ್ದರಿಂದ ಹುಳಗಳು ಮರಳಿದ್ದವು. "ಎಷ್ಟು ಔಷಧಿ ಕುರಿ ರಕ್ತಕ್ಕ ಹೋತು ಅಂತಷ್ಟ ಅಳತಿ ಮಾಡಿದೆ ಗೌಡ್ರ. ಉಳದದ್ದು ಎಲ್ಲಿ ಬೀಳ್ತೈತಿ ಅಂತ ಒಂದಿನಾನೂ ಕೇಳ್ಲಿಲ್ಲ ನಾ."

ಗೌಡರು ಅಗೆದ ಗುಂಡಿಯನ್ನು ಕೈಯಿಂದಲೇ ಮೆಲ್ಲಗೆ ಮುಚ್ಚಿದರು. ಆಮೇಲೆ ಮಾಳವ್ವನ ಮುಖ ನೋಡಲಾರದೆ ಹೇಳಿದರು, "ತಪ್ಪಾತವ್ವಾ. ಇನ್ನೆಂಟು ದಿನ ಕುರಿಮಂದಿ ಇಲ್ಲೇ ಇರ್ಲಿ."