ಮೀಟರ್ ತಂದಿಟ್ಟವಳು

ಹೆಡ್ ಕಾನ್‌ಸ್ಟೇಬಲ್ ಶಾಂತಕುಮಾರಿ ಠಾಣೆಯ ಹೂಜಿಗೆ ನೀರು ಬಗ್ಗಿಸುತ್ತಿದ್ದಾಗ ಪರಮಶಿವಯ್ಯ ಬಂದು ಎದುರಿಗೆ ನಿಂತರು. ಬುಧವಾರ, ಫೆಬ್ರುವರಿ ಹನ್ನೆರಡು, ಬೆಳಗ್ಗೆ ಒಂಬತ್ತು ಇಪ್ಪತ್ತು. ಚನ್ನರಾಯಪಟ್ಟಣದ ಹೊರಗಿನ ಹೊಸ ಬಡಾವಣೆಯಲ್ಲಿ ಬಾಡಿಗೆಗೆಂದು ಕಟ್ಟಿಸಿದ ಮನೆಯಂತೆ. ಹಾಕಿದ ಬೀಗ ಹಾಕಿದಂಗೇ ಇದೆ, ಹೊರಗೋಡೆಯ ಕರೆಂಟ್ ಮೀಟರ್ ಮಾತ್ರ ಇಲ್ಲ ಅಂದರು. ಪಂಪು ಕದ್ದವರನ್ನು, ಕೇಬಲ್ ಕದ್ದವರನ್ನು ಕಂಡಿದ್ದ ಶಾಂತಕುಮಾರಿಗೆ ಇದು ಹೊಸದು. ಅದನ್ನೇನು ಸಾರು ಮಾಡ್ಕೊಂಡು ಉಣ್ತಾರಾ ಅಂತ ಒಳಗೇ ನಕ್ಕು ಎಫ್‌ಐಆರ್ ಬರೆದಳು.

ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಮೋಹನ್‌ಕುಮಾರ್ ಅವಳನ್ನೂ ಕರೆದುಕೊಂಡು ಹೋಗಿ ಸ್ಥಳ ಪಂಚನಾಮೆ ಮಾಡಿದರು. ಹಿಂದಿನ ದಿನ ಲೈನ್ ಕೆಲಸವೆಂದು ಊರಿಗೆಲ್ಲ ಹಗಲು ಕರೆಂಟಿರಲಿಲ್ಲ. ಕಳವು ಆ ಹೊತ್ತಿನಲ್ಲೇ ಆಗಿತ್ತು. ಕತ್ತರಿಸಿದ ವೈರಿನ ತುದಿಗಳಿಗೆ, ಯಾರಿಗೂ ಶಾಕ್ ಹೊಡೆಯದಿರಲೆಂದು, ಪಟ್ಟಿ ಸುತ್ತಿತ್ತು. ವೈರಿನ ಟೇಪಲ್ಲ, ಆಸ್ಪತ್ರೆಯಲ್ಲಿ ಗ್ಲೂಕೋಸ್ ಸೂಜಿಯ ಮೇಲೆ ಅಂಟಿಸುವ ಬಿಳಿ ಪ್ಲಾಸ್ಟರ್.

"ಕದ್ದೋರ ಮನೇಲಿ ಕಾಯಿಲೆಯವರಿದ್ದಾರೆ," ಅಂದರು ಇನ್ಸ್‌ಪೆಕ್ಟರ್.

ಬೇಲಿಯಾಚೆ ಏಳು ತಗಡಿನ ಮನೆಗಳು. ಖಾತೆಯಿಲ್ಲದ ಜಾಗ, ಕರೆಂಟಿಲ್ಲ. ಕಾಯಿಲೆ ಯಾರಿಗೆ ಅಂದರೆ ಎಲ್ಲರೂ ಕೊನೆಯ ಮನೆಗೆ ಕೈ ತೋರಿಸಿದರು. ಹೊಳೆನರಸೀಪುರದ ಕಡೆಯಿಂದ ಕೂಲಿಗೆ ಬಂದು ನಿಂತ ಕೆಂಪಣ್ಣ, ಅವನ ಹೆಂಡತಿ ಬೆಟ್ಟಮ್ಮ. ಜಲ್ಲಿ ಧೂಳು ಕುಡಿದು ಕೆಂಪಣ್ಣನ ಉಸಿರು ಕೆಟ್ಟಿತ್ತು. ಮದ್ದಿನ ಹೊಗೆ ಕೊಡುವ ಮೆಷಿನ್ ಮನೆಯಲ್ಲಿತ್ತು, ಅದಕ್ಕೆ ಕರೆಂಟಿರಲಿಲ್ಲ. ದಿನಕ್ಕೆರಡು ಸಲ ಬೆಟ್ಟಮ್ಮ ಅವನನ್ನು ಹಿಟ್ಟಿನ ಗಿರಣಿಗೆ ನಡೆಸಿಕೊಂಡು ಹೋಗಿ ಅಲ್ಲಿ ಹಾಕಿಸುತ್ತಿದ್ದಳು. ಹದಿನೈದು ದಿನದಿಂದ ಅವನು ನಡೆಯಲಾರ.

ಮೀಟರನ್ನು ಅವಳು ಬಚ್ಚಿಟ್ಟಿರಲಿಲ್ಲ. ಬಾಗಿಲ ಪಕ್ಕ ಮೊಳೆ ಹೊಡೆದು ನೇತುಹಾಕಿ ಲೈನ್‌ಮನ್ ದಾರಿ ಕಾಯುತ್ತಿದ್ದಳು.

"ಯಾಕಮ್ಮ ತಂದೆ?"

"ಆಪೀಸ್ನೋರೇ ಅಂದ್ರು ಸಾ. ಮೀಟರ್ ಇಲ್ದೆ ಕರೆಂಟ್ ಎಂಗೆ ಕೊಡಾದು ಅಂತ."

"ಅರ್ಜಿ ಹಾಕಬೇಕಿತ್ತು."

"ಮೊಬೈಲಲ್ಲಿ ಆಕು ಅಂದ್ರು. ಅದೆಂತದೋ ನಂಬರ್ ಬತ್ತದಂತೆ. ಅದು ಬರೋ ಒತ್ಗೆ ಪೋನೇ ಸತ್ತೋಗಿರ್ತದೆ. ಚಾರ್ಜಿಗೆ ಕರೆಂಟ್ ಬೇಕಲ್ಲ ಸಾ."

ಯಾರೋ ಮಾತಿಗೆ ಅಂದದ್ದನ್ನು ಅವಳು ಅಪ್ಪಣೆ ಅಂದುಕೊಂಡಿದ್ದಳು.

ಹನ್ನೆರಡೂ ನಲವತ್ತಕ್ಕೆ ಬೆಟ್ಟಮ್ಮನ ಬಂಧನ. ಕೆಂಪಣ್ಣನನ್ನು ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದರು. ಮನೆ ಶೋಧಿಸುವಾಗ ಅಕ್ಕಿ ಡಬ್ಬದೊಳಗೆ ಒಂದು ಕಾಗದ ಸಿಕ್ಕಿತು. ಏಳು ಮನೆಗೂ ಬೆಳಕು ಕೊಡಿ ಎಂದು ಕೆಂಪಣ್ಣ ಎರಡು ವರ್ಷದ ಹಿಂದೆ ಕೈಯಾರೆ ಬರೆದ ಅರ್ಜಿ. ಕೆಳಗೆ ಮಿಕ್ಕ ಆರು ಮನೆಯವರ ಹೆಬ್ಬೆಟ್ಟು. ಕಾಗದ ತಗಳಲ್ಲ ಅಂತ ಕರೆಂಟ್ ಆಫೀಸಿನ ಕೌಂಟರಿನಿಂದಲೇ ವಾಪಸ್ ಕಳಿಸಿದ್ದರಂತೆ.

"ಇದನ್ನ ಜಪ್ತಿ ಪಟ್ಟಿಗೆ ಸೇರಿಸಬೇಡಿ," ಅಂದರು ಇನ್ಸ್‌ಪೆಕ್ಟರ್. ಶಾಂತಕುಮಾರಿ ಜೇಬಿಗಿಟ್ಟುಕೊಂಡಳು.

ಎರಡು ಗಂಟೆಗೆ ಫೋನ್ ಬಂತು. ಹಾಸನದ ದಾರಿಯಲ್ಲಿ ಶಾಂತಿಗ್ರಾಮ ದಾಟುವಷ್ಟರಲ್ಲಿ ಕೆಂಪಣ್ಣ ತೀರಿಕೊಂಡಿದ್ದ. ಹೇಳುವ ಕೆಲಸ ಶಾಂತಕುಮಾರಿಯ ಪಾಲಿಗೆ ಬಂತು. ಬೆಟ್ಟಮ್ಮ ಅಳಲಿಲ್ಲ.

"ಮೆಷಿನ್ ಆಕಿದ್ರಾ ಅವ್ವ?"

"ಹಾಕಿದ್ರು ಕಣಮ್ಮ," ಅಂದಳು ಶಾಂತಕುಮಾರಿ. ಹಾಕಿದ್ದರೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಮೂರೂವರೆಗೆ ಅಂಚೆ ಕಚೇರಿಯಲ್ಲಿ ಲಕೋಟೆ ಕೊಂಡು ಅರ್ಜಿ ಬಿಚ್ಚಿದಳು. ಮೊದಲಿಗಿದ್ದ ಸತ್ತವನ ಹೆಸರನ್ನು ಹೊಡೆದುಹಾಕಲು ಪೆನ್ನು ತೆಗೆದವಳು ಹಾಗೆಯೇ ಮುಚ್ಚಿದಳು. ಮಡಿಸಿ, ಅಂಟಿಸಿ, ಕರೆಂಟ್ ಆಫೀಸಿನ ವಿಳಾಸ ಬರೆದು, ರಿಜಿಸ್ಟರ್ ಮಾಡಿಸಿದಳು. ಕಳಿಸುವವರ ಹೆಸರು ಯಾವುದು ಎಂದು ಗುಮಾಸ್ತ ಕೇಳಿದ.

"ಕೆಂಪಣ್ಣ," ಅಂದಳು.